ಮೀನಿನ ಪಥ್ಯ

ಹೊಸದಾಗಿ ಮೀನು ಸಾಕಿದ ಗುಮಾಸ್ತನನ್ನು ಗುರುತಿಸುವುದು ಸುಲಭ: ತನಗೆ ಜ್ವರ ಬಂದರೆ ಮಾತ್ರೆ ನುಂಗಿ ಕಚೇರಿಗೆ ಬರುತ್ತಾನೆ, ಮೀನು ಮಂಕಾದರೆ ಅರ್ಧ ದಿನ ರಜೆ ಹಾಕುತ್ತಾನೆ. ಬಾಡಿಗೆ ಕೋಣೆಯ ಕಿಟಕಿಯ ಬಳಿ ಗಾಜಿನ ತೊಟ್ಟಿ, ಅದರಲ್ಲಿ ಹೋದ ವಾರ ಕೊಂಡ ಬೆಟ್ಟಾ ಎಂಬ ಜಾತಿಯ ನೀಲಿ ಮೀನು. ಅದನ್ನು ‘ನಮ್ಮವನು’ ಎನ್ನುತ್ತಾನೆ. ಅದು ಬಾಯಿ ತೆರೆದಾಗಲೆಲ್ಲ ಹಸಿವೆಂದು ತಿಳಿದು ಮೀನಿನ ಆಹಾರದ ಕಾಳು ಹಾಕಿದ್ದೇ ಹಾಕಿದ್ದು; ನಮ್ಮವನು ಹೊಟ್ಟೆ ಬಟಾಣಿಯಂತೆ ಊದಿ, ಒಂದೇ ಪಕ್ಕಕ್ಕೆ ವಾಲಿ ತೇಲತೊಡಗಿದ. “ಪ್ರೀತಿ ಜಾಸ್ತಿಯಾಗಿದೆ ಸ್ವಾಮಿ,” ಎಂದ ಮೀನು ಮಾರಿದ ಅಂಗಡಿಯವನು. “ನೀರು ಬೆಚ್ಚಗಿಡಿ, ಮೂರು ದಿನ ಏನೂ ಹಾಕ್ಬೇಡಿ. ಬದುಕಿದ್ರೆ ಅದ್ರಿಂದಲೇ ಬದುಕ್ಬೇಕು.” ಅಂದಿನಿಂದ ಗುಮಾಸ್ತ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಾನೆ, ತೊಟ್ಟಿಗೆ ಬೆನ್ನು ಹಾಕಿ ಉಣ್ಣಲು ಕೂರುತ್ತಾನೆ, ತುತ್ತು ಇಳಿಯದೆ ಏಳುತ್ತಾನೆ. ಕಚೇರಿಯಲ್ಲೂ ಬುತ್ತಿ ಬಿಚ್ಚಲಿಲ್ಲ. “ಏನಪ್ಪಾ, ಮೀನಿನ ಜೊತೆ ನಿಂಗೂ ಪಥ್ಯಾನಾ?” ಎಂದು ಪಕ್ಕದ ಮೇಜಿನ ಅಕ್ಕ ಛೇಡಿಸಿದಳು. “ನಂಗೆ ಹಸಿವಿಲ್ಲ ಅಕ್ಕಾ,” ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿದ. ಅದು ಅಮ್ಮನ ಮಾತು. ಚಿಕ್ಕಂದಿನಲ್ಲಿ ಅವನ ಹೊಟ್ಟೆ ಕೆಟ್ಟು, ಡಾಕ್ಟರು ಊಟ ಬೇಡವೆಂದಾಗಲೆಲ್ಲ ಅಮ್ಮನೂ ತಟ್ಟೆ ಮುಟ್ಟದೆ ಹಾಸಿಗೆಯ ಪಕ್ಕ ಕೂತು ಹಾಗೆಯೇ ಹೇಳುತ್ತಿದ್ದಳು, ಅವನು ನಂಬುತ್ತಿದ್ದ. ನಾಲ್ಕನೆಯ ಬೆಳಿಗ್ಗೆ ನಮ್ಮವನು ನೆಟ್ಟಗೆ ಈಜಿ ಬಂದು ಒಂದೇ ಒಂದು ಕಾಳು ನುಂಗಿದ. ಗುಮಾಸ್ತ ತಡಮಾಡದೆ ಊರಿಗೆ ಫೋನು ಮಾಡಿದ. “ಅಮ್ಮಾ, ನಾನು ಉಪವಾಸ ಮಲಗಿದ್ದಾಗ ನಿಂಗೂ ಹಸಿವಾಗ್ತಿತ್ತು, ಅಲ್ವಾ?” “ಯಾವಾಗೋ?” ಎಂದ ಅಮ್ಮ, ಉತ್ತರಕ್ಕೂ ಕಾಯದೆ, “ಅದಿರ್ಲಿ, ನಿಂದು ತಿಂಡಿ ಆಯ್ತಾ?” ಎಂದು ಕೇಳಿದಳು.