ಒಂದೇ ಕೈ ಸಾಕು, ನನ್ನಾಣೆ

ನಿಬಿಯಾ ಎಚೆಗರಾಯ್ ಎಡಗಂಕುಳಿನ ಫ್ಲಾಸ್ಕನ್ನು ಕೆಳಗಿಟ್ಟಿದ್ದನ್ನು ದುರಾಸ್ನೊ ಊರಿನಲ್ಲಿ ಕಂಡವರಿರಲಿಲ್ಲ. ಉರುಗ್ವೆಯಲ್ಲಿ ಯಾರ ಕಂಕುಳಲ್ಲಾದರೂ ಬಿಸಿನೀರಿನ ಫ್ಲಾಸ್ಕು, ಅದೇ ಕೈಯಲ್ಲಿ ಮಾತೆ ಕಷಾಯದ ಸೋರೆಬುರುಡೆ ಇರುವುದೇ. ಆದರೆ ನಿಬಿಯಾ, ಎಡಗೈಗೆ ಬಿಡುವಿಲ್ಲವೆಂದು, ಮದುವೆಯ ಉಂಗುರವನ್ನೂ ಬಲಗೈಗೇ ತೊಡಿಸಿಕೊಂಡವಳು. "ಗಂಡ ಕೈಬಿಟ್ಟ, ಫ್ಲಾಸ್ಕು ಬಿಡ್ಲಿಲ್ಲ" ಎನ್ನುತ್ತಿದ್ದಳು.

ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದ ವರ್ಷ ಹಳೆಯ ಶಿಷ್ಯ ಎಬೆರ್ ಪಿಂತೋಸ್ ಲ್ಯಾಪ್‌ಟಾಪ್ ಹಿಡಿದು ಬಂದ. ದನದ ಔಷಧಿ ಅಂಗಡಿಯ ನಲವತ್ತರ ನೌಕರ. ಬಿಡುವಿನಲ್ಲಿ ವಿಡಿಯೊ ಗೇಮ್ ಕಟ್ಟಿದ್ದ. ಸೇತುವೆಯ ಮೇಲೆ ಕುರಿ ದಾಟಿಸುವ ಆಟ.

"ಮಿಸ್, ಎರಡೂ ಕೈ ಬೇಕು. ಫ್ಲಾಸ್ಕು ಕೆಳಗಿಡಿ."

"ನಿನ್ನ ಕುರಿಗೋಸ್ಕರ ನನ್ನ ಮಾತೆ ಕೆಳಗಿಡೋದಾ? ಒಂದೇ ಕೈಲಿ ಆಡೋ ಹಾಗೆ ಮಾಡ್ಕೊಂಡು ಬಾ. ನಾನೇ ಪ್ರಕಟಿಸ್ತೀನಿ."

ಹೀಗೆ ಹುಟ್ಟಿತು 'ಉನಾ ಮಾನೊ', ಅಂದರೆ 'ಒಂದು ಕೈ' ಪ್ರಕಾಶನ. ಆಟ ಶುರುವಾದರೆ ಮೊದಲು ಕಾಣುವುದು ನಿಬಿಯಾಳ ಅಕ್ಷರ: "ಈ ಮನೆಯ ಆಟಕ್ಕೆ ಒಂದೇ ಕೈ ಸಾಕು, ನನ್ನಾಣೆ." ನಾನು ಅವಳ ಮನೆ ಪಕ್ಕದ ಅಂಗಡಿಯಲ್ಲಿ ಬೀಗದ ಕೀ ಮಾಡುವವನು. ಕೀ ಒತ್ತಿ ಪರೀಕ್ಷಿಸಲೂ ನನ್ನನ್ನೇ ಕರೆದರು.

ಊರಿನವರು ಯಾರೂ ಕೊಳ್ಳಲಿಲ್ಲ. ನಾರ್ವೆಯ ಬಾಣಂತಿಯೊಬ್ಬಳು ಬರೆದಳು: "ಮಗು ಎಡತೋಳಲ್ಲಿ, ಕುರಿ ಬಲಗೈಯಲ್ಲಿ, ನಿಮ್ಮಿಂದ ನಾನು ಬದುಕಿಕೊಂಡೆ." ಚಿಲಿಯಿಂದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವನು ಬರೆದ. ಎಣ್ಣೆ ಜಿನುಗುವ ಎಂಪನಾದಾ ಕಡುಬು ತಿನ್ನುತ್ತ ಆಡುವವನು ಸಾಕ್ಷಿಗೆ ಕೀಲಿಮಣೆಯ ಫೋಟೊ ಕಳಿಸಿದ. ಲೋಕದಲ್ಲಿ ಒಂದೇ ಕೈ ಖಾಲಿ ಇರುವವರು ಇಷ್ಟು ಜನ ಇದ್ದಾರೆಂದು ಯಾರಿಗೆ ಗೊತ್ತಿತ್ತು! ಎರಡನೆಯ ಆಟಕ್ಕೆ ನಿಬಿಯಾ ಬಾಗಿಲಿಗೆ ಬೋರ್ಡು ಹಾಕಿಸಿದಳು, ಎಬೆರ್ ಔಷಧಿ ಅಂಗಡಿ ಬಿಟ್ಟ.

ಮೂರನೆಯದಕ್ಕೆ ಅವನು ನಾಲ್ಕು ವರ್ಷ ತೆಗೆದುಕೊಂಡ. ಒಂದು ಭಾನುವಾರ ನಾವು ಏಳು ಜನ ಪರೀಕ್ಷಕರು ಫ್ಲಾಸ್ಕು ಸಮೇತ ಕೂತೆವು. ಪ್ರವಾಹ ಬಂದ ನದಿ, ಒಂದು ದೋಣಿ, ಎರಡು ಹುಟ್ಟು. ಒಂದೊಂದು ಹುಟ್ಟಿಗೆ ಒಂದೊಂದು ಕೈ. ಒಂದೇ ಕೈ ಹಾಕಿದರೆ ದೋಣಿ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ನಕ್ಕೆವು. ಆಮೇಲೆ ನದಿಯ ತಿರುವಿನಲ್ಲಿ ಏನಿದೆಯೋ ನೋಡೋಣ ಎನಿಸಿತು. ಮೊದಲು ನನ್ನ ಫ್ಲಾಸ್ಕು ನೆಲ ಕಂಡಿತು. ಒಂದೊಂದಾಗಿ ಏಳೂ ಕಂಡವು. ತಿರುಗಿ ನೋಡಿದರೆ ಎಂಟನೆಯದೂ ಇತ್ತು.

ನಿಬಿಯಾ ಎರಡು ಗಂಟೆ ಹುಟ್ಟು ಹಾಕಿದಳು. ಆಮೇಲೆ ಬುರುಡೆಯಿಂದ ಒಂದು ಗುಟುಕು ಹೀರಿ ಮುಖ ಹಿಂಡಿದಳು.

"ತಣ್ಣಗಾಗೋಗಿದೆ. ಹಾಳಾದವನೇ, ಎಷ್ಟು ಚೆನ್ನಾಗಿ ಮಾಡಿದೀಯೋ! ಆದ್ರೆ ನಾನಿದನ್ನ ಪ್ರಕಟಿಸೋಕಾಗಲ್ಲ."

"ಆಣೆ ಅಳಿಸಿಬಿಡಿ ಮಿಸ್, ಒಂದು ಸಾಲು ತಾನೇ?"

"ಆ ಪ್ಲಾಸ್ಟರ್ ಕೈಯವನಿಗೆ ಏನು ಹೇಳ್ಲಿ?"

"ಅವನ ಪ್ಲಾಸ್ಟರ್ ಬಿಚ್ಚಿ ಆರು ವರ್ಷ ಆಯ್ತು!"

"ಆ ಬಾಣಂತಿ?"

"ಮಗು ಸ್ಕೂಲಿಗೆ ಹೋಗ್ತಿದೆ, ಮಿಸ್."

"ಇನ್ನು ಯಾರೂ ಹೆರಲ್ವೇನೋ? ನನ್ನ ಹೆಸರು ನಂಬಿ ಕೊಂಡೋರು ದೋಣೀಲಿ ಕೂತು ಗಿರಗಿರ ತಿರುಗ್ಬೇಕಾ?"

"ಹಾಗಾದ್ರೆ ಇದನ್ನ ಪೆಟ್ಟಿಗೆಗೆ ಹಾಕ್ತೀನಿ. ನಿಮ್ಮನ್ನ ಬಿಟ್ಟು ಬೇರೆಯವರ ಹತ್ರ ಹೋಗಲ್ಲ."

"ಹೋಗ್ತೀಯ. ಹೋಗದಿದ್ರೆ ಮತ್ತೆ ನಿನಗೆ ಚಿತ್ರಕಲೆ ಕಲಿಸ್ತೀನಿ."

ಆ ಬೆದರಿಕೆಗೆ ಎಬೆರ್ ಲ್ಯಾಪ್‌ಟಾಪ್ ಮಡಚಿ ಎದ್ದ. ನಿಬಿಯಾ ತಾನೇ ರಾಜಧಾನಿ ಮೊಂತೆವಿದೇಯೊದ ದೊಡ್ಡ ಪ್ರಕಾಶಕರಿಗೆ ಫೋನು ಮಾಡಿ, ಮಗಳಿಗೆ ಗಂಡು ನೋಡುವವಳಂತೆ ಹತ್ತು ಪ್ರಶ್ನೆ ಕೇಳಿ, ಅವನನ್ನು ಅವರ ಕೈಗೊಪ್ಪಿಸಿದಳು. ಎಬೆರ್ ಇಲ್ಲದ ಮೇಲೆ ಪ್ರಕಟಿಸಲು ಏನೂ ಉಳಿಯಲಿಲ್ಲ. ಮಾರ್ಚ್ ತಿಂಗಳಲ್ಲಿ 'ಉನಾ ಮಾನೊ' ಮುಚ್ಚಿತು. ಏಣಿ ಹತ್ತಿ ಬೋರ್ಡು ಇಳಿಸಿದವಳೂ ಆಕೆಯೇ, ಒಂದೇ ಕೈಯಲ್ಲಿ. ಕೆಳಗೆ ನಿಂತ ನನ್ನ ತಲೆ ಸ್ವಲ್ಪದರಲ್ಲಿ ಉಳಿಯಿತು.

ದೋಣಿಯಾಟ ಬಿಡುಗಡೆಯಾದ ದಿನ ಆಕೆಯ ಮನೆಗೆ ಹೋದೆ. ಕಂಕುಳಲ್ಲಿ ಫ್ಲಾಸ್ಕು ಇಟ್ಟುಕೊಂಡೇ ಆಡುತ್ತಿದ್ದಳು. ದೋಣಿ ಗಿರಗಿರ ತಿರುಗುತ್ತಿತ್ತು.

"ಎಷ್ಟು ಹೊತ್ತಿಂದ?"

"ಬೆಳಗ್ಗೆಯಿಂದ. ಒಂದು ಸಲ ಕೆಳಗಿಟ್ಟಿದ್ದಕ್ಕೆ ಕಂಪನಿ ಹೋಯ್ತು. ಇನ್ನೊಂದು ಸಲ ಇಡಲ್ಲ."

"ಫ್ಲಾಸ್ಕು ಕೊಡು ಇಲ್ಲಿ, ನಾನು ಹಿಡ್ಕೋತೀನಿ."

"ಮುಟ್ಟು ನೋಡೋಣ, ಓಮರ್! ಕೈ ಮುರಿದುಬಿಡ್ತೀನಿ. ಆಮೇಲೆ ಒಂದು ಕೈಯಲ್ಲಿ ಆಡೋ ಆಟ ಬೇಕೂಂತ ಅಳ್ಕೊಂಡು ಬಂದ್ರೆ, ಹೊರತರೋಕೆ ನಾನಿಲ್ಲ."