ಎರಡನೇ ಕ್ಲಾಸಿನ ಗೆರೆ

ಎರಡನೇ ತರಗತಿಯ ಮಕ್ಕಳು ಪೆನ್ಸಿಲ್ಲಿಗಿಂತ ಸ್ಕೇಲನ್ನೇ ಹೆಚ್ಚು ಪ್ರೀತಿಸುತ್ತಾರೆ ಎಂಬುದು ನನ್ನ ಇತ್ತೀಚಿನ ಸಂಶೋಧನೆ. ನನ್ನ ಮೊಮ್ಮಗಳು ಧನ್ಯ ಸಂಜೆ ಶಾಲೆಯಿಂದ ಬಂದು, ಹಾಲು ಕುಡಿದು, ಮೇಲ್ದುಟಿಯ ಬಿಳಿ ಮೀಸೆಯನ್ನು ಒರೆಸಿಕೊಳ್ಳುವ ಮೊದಲೇ ನೋಟ್‌ಬುಕ್ ಬಿಡಿಸಿ, ಹಾಳೆಯ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆಯುತ್ತಾಳೆ. ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗಲೂ ಗಡಿಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಲಾರರು.

ಯಾವ ವಿಷಯದ ಪುಸ್ತಕ ತೆಗೆದರೂ ಆ ಗೆರೆ ತಪ್ಪಿದ್ದಲ್ಲ. ಕನ್ನಡದಲ್ಲಿ ಏಕವಚನ ಎಡಕ್ಕೆ, ಬಹುವಚನ ಬಲಕ್ಕೆ. ಗಣಿತದಲ್ಲಿ ಭಾರವಾದದ್ದು ಒಂದು ಕಡೆ, ಹಗುರವಾದದ್ದು ಇನ್ನೊಂದು ಕಡೆ. ಇಂಗ್ಲಿಷಿನಲ್ಲಿ ಬಿಗ್ಗು-ಸ್ಮಾಲು, ಪರಿಸರ ಅಧ್ಯಯನದಲ್ಲಿ ಸಾಕುಪ್ರಾಣಿ-ಕಾಡುಪ್ರಾಣಿ. ಅಖಂಡವಾದ ಬ್ರಹ್ಮಾಂಡವನ್ನು ಏಳು ವರ್ಷದ ಕೈಗೆ ಎಟಕುವಂತೆ ಎರಡು ಹೋಳು ಮಾಡಿ ಕೊಡುವ ಈ ವಿದ್ಯೆಯನ್ನು ಕಂಡು ನಾನಂತೂ ನಗುವಂತಿಲ್ಲ. ಸಾಗರದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಮೇಷ್ಟ್ರಾಗಿ ನಿವೃತ್ತಿಯಾಗುವವರೆಗೂ ನಾನು ಮಾಡಿದ್ದು ಅದನ್ನೇ: ಬೋರ್ಡಿನ ನಡುವೆ ಗೆರೆ, ಈಚೆ ಡೆಬಿಟ್ಟು, ಆಚೆ ಕ್ರೆಡಿಟ್ಟು. ಎರಡನೇ ಕ್ಲಾಸಿನಿಂದ ಪದವಿಯವರೆಗೆ ವಿದ್ಯೆ ಬೆಳೆದದ್ದು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಿಸಬೇಕಾಗುತ್ತದೆ.

ಈಗ ನಾವಿರುವುದು ಹೊಸನಗರದಲ್ಲಿ. ಮಗಳಿಗೆ ತೀರ್ಥಹಳ್ಳಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಹೀಗಾಗಿ ಮೊಮ್ಮಗಳ ಹೋಮ್‌ವರ್ಕು ನನ್ನ ಪಾಲಿನ ಪಿಂಚಣಿ. ಆದರೆ ನನ್ನ ಪಾಂಡಿತ್ಯಕ್ಕೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ದಿನಾ ಹಿತ್ತಲಿಗೆ ಬಂದು ಬಾಳೆಗೊನೆಯ ಯೋಗಕ್ಷೇಮ ವಿಚಾರಿಸಿಕೊಂಡು ಹೋಗುವ ಮಂಗಗಳನ್ನು ಅವಳು ಸಾಕುಪ್ರಾಣಿಯ ಸಾಲಿಗೆ ಸೇರಿಸಿದಳು. ವಾರಕ್ಕೊಮ್ಮೆ ಮುಖ ತೋರಿಸುವ ನಮ್ಮ ಬೆಕ್ಕನ್ನು ಕಾಡಿಗೆ ಅಟ್ಟಿದಳು. ಭಾರ-ಹಗುರದ ಪಾಠ ನಡೆದ ದಿನ ನನ್ನನ್ನು ಗ್ರೈಂಡರಿನ ಜೊತೆ ಒಂದು ಕಡೆಗೂ, ತನ್ನ ಅಜ್ಜಿಯನ್ನು ಹತ್ತಿಯ ಜೊತೆ ಇನ್ನೊಂದು ಕಡೆಗೂ ಬರೆದಳು. ನನ್ನ ಹೆಂಡತಿ ಶಾರದೆ ಆ ಹಾಳೆಯನ್ನು ಪಕ್ಕದ ಮನೆಯವರಿಗೂ ತೋರಿಸಿ ಬಂದಳು. ತಿದ್ದಹೋದರೆ ಒಂದೇ ಉತ್ತರ, ಮಿಸ್ ಹಾಗೆ ಹೇಳಿಲ್ಲ. ಆ ಮಿಸ್‌ನ ಮಾತಿನ ಮುಂದೆ ವೇದವೂ ಸುಮ್ಮನಾಗಬೇಕು, ನಾನು ಯಾವ ಲೆಕ್ಕ.

ಮೊನ್ನೆ ಶನಿವಾರ ಬಂದದ್ದು ಜೀವಿಗಳು ಮತ್ತು ನಿರ್ಜೀವಿಗಳು. ಮನೆಯಲ್ಲಿ, ಹಿತ್ತಲಲ್ಲಿ ಕಾಣುವುದನ್ನೆಲ್ಲ ಎರಡು ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ಕಾರಣ ಬರೆಯಬೇಕು. ಸೋಮವಾರ ಮಿಸ್‌ಗೆ ತೋರಿಸಬೇಕು. ಜೀವಿಯ ಲಕ್ಷಣಗಳನ್ನು ಅವಳು ಬೆರಳು ಮಡಿಸಿ ಒಪ್ಪಿಸಿದಳು: ಉಣ್ಣುತ್ತದೆ, ಬೆಳೆಯುತ್ತದೆ, ಓಡಾಡುತ್ತದೆ, ಉಸಿರಾಡುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಆಮೇಲೆ ನೋಟ್‌ಬುಕ್ ಹಿಡಿದು ಜನಗಣತಿಗೆ ಹೊರಟಳು. ಪೆಟ್ರೋಲು ಕುಡಿದು, ಓಡಾಡಿ, ಹೊಗೆಯುಸಿರು ಬಿಡುವ ನನ್ನ ಸ್ಕೂಟರು ಬೆಳೆಯುವುದಿಲ್ಲ ಎಂಬ ಒಂದೇ ಕೊರತೆಯಿಂದ ಅನುತ್ತೀರ್ಣವಾಯಿತು. ದಾಸವಾಳ ಓಡಾಡದಿದ್ದರೂ ಕೃಪಾಂಕ ಪಡೆದು ಪಾಸಾಯಿತು.

ಕಷ್ಟ ಬಂದದ್ದು ಚೌಡಿಯಿಂದ. ನಮ್ಮ ಮನೆಯ ಹಿಂದೆ ಎತ್ತರದ ಮಣ್ಣಿನ ದರೆಯ ಮೇಲೆ, ನೇರಳೆ ಮರದ ಬುಡದಲ್ಲಿ, ಮೊಣಕಾಲೆತ್ತರದ ಒಂದು ಕಲ್ಲಿದೆ, ಅದೇ ನಮ್ಮನ್ನು ಕಾಯುವ ಚೌಡಿ ದೇವತೆ. ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ, ಉಳಿದ ದಿನ ಶಾರದೆ ಬಟ್ಟೆ ಒಣಗಿಸಲು ಹೋದಾಗ ಅದರ ಜೊತೆ ಎರಡು ಮಾತಾಡಿ ಬರುತ್ತಾಳೆ. ಬೀಗದ ಕೈ ಕಳೆದರೂ ಮಗುವಿಗೆ ಜ್ವರ ಬಂದರೂ ಮೊದಲ ವರದಿ ಅಲ್ಲಿಗೆ. ಧನ್ಯ ಚೌಡಿಯನ್ನು ಜೀವಿಯ ಕಡೆ ಬರೆದಿದ್ದಳು. ಅದು ಕಲ್ಲು ಎಂದೆ. ಎಡೆ ಉಣ್ಣುವುದಿಲ್ಲವೇ, ಸಿಟ್ಟು ಬರುವುದಿಲ್ಲವೇ, ರಾತ್ರಿ ತಿರುಗಾಡುವುದಿಲ್ಲವೇ ಎಂದು ಅವಳು ಒಂದೊಂದೇ ಲಕ್ಷಣವನ್ನು ಹಾಜರುಪಡಿಸಿದಳು. ವೈಜ್ಞಾನಿಕ ಮನೋಭಾವದ ಬಗ್ಗೆ ನಾನು ಉಪನ್ಯಾಸ ಆರಂಭಿಸುವಷ್ಟರಲ್ಲಿ ಅಡುಗೆಮನೆಯಿಂದ ಶಾರದೆಯ ದನಿ ಬಂತು.

"ಚೌಡಿನ ನಿರ್ಜೀವಿ ಅಂತ ಬರೆಸ್ತೀರಾ? ಮನೇಲಿ ಸಣ್ಣ ಮಗು ಇದೆ, ನೆನಪಿರ್ಲಿ ಮಾರಾಯ್ರೆ."

ನಾನು ವಿಚಾರವಾದಿ. ಆದರೂ ಮಗುವಿನ ವಿಷಯ ಬಂದಾಗ ಎಂತಕ್ಕೆ ಬೇಡದ ಉಸಾಬರಿ ಎಂದು, ಚೌಡಿಯನ್ನು ಯಾವ ಕಡೆಯೂ ಬರೆಯುವುದು ಬೇಡ, ರಬ್ಬರಿನಿಂದ ಅಳಿಸಿಬಿಡು ಎಂದು ರಾಜಿ ಮಾಡಿದೆ. ಅವಳು ಅಳಿಸಿದಳು, ಹಾಳೆಯ ಮೇಲಿನ ಪುಡಿಯನ್ನು ಊದಿದಳು, ಎದ್ದು ನಡುಕೋಣೆಯ ಬಾಗಿಲ ಹತ್ತಿರ ಹೋಗಿ ನಿಂತಳು. ಅಲ್ಲಿ ಮಂಚದ ಮೇಲೆ ನನ್ನ ಅವ್ವ ಮಲಗಿದ್ದಳು. ಧನ್ಯಳಿಗೆ ಅವಳು ದೊಡ್ಡಜ್ಜಿ.

"ದೊಡ್ಡಜ್ಜಿನ ಯಾವ ಕಡೆ ಬರೀಲಿ ಅಜ್ಜ?"

ಇದೆಂಥ ಪ್ರಶ್ನೆ, ಜೀವಿಯ ಕಡೆ ಬರಿ ಎಂದು ಗದರಿದೆ. ಅವಳು ಬರೆಯಲಿಲ್ಲ. ಕಾರಣದ ಜಾಗದಲ್ಲಿ ಏನು ಬರೆಯುವುದು ಎಂಬುದು ಅವಳ ಸಮಸ್ಯೆ. ದೊಡ್ಡಜ್ಜಿ ಓಡಾಡುವುದಿಲ್ಲ, ಬೆಳೆಯುವುದಿಲ್ಲ, ಗಂಜಿಯನ್ನು ನಾವೇ ಬಾಯಿಗೆ ಹಾಕುತ್ತೇವೆ, ಮುಟ್ಟಿದರೆ ಗೊತ್ತಾಗುತ್ತದೋ ಇಲ್ಲವೋ ಗೊತ್ತಿಲ್ಲ. ಉಸಿರಾಟವೊಂದೇ ಉಳಿಯಿತು. ಅವಳ ದನಿಯಲ್ಲಿ ತುಂಟತನದ ಲವಲೇಶವೂ ಇರಲಿಲ್ಲ.

"ಚೌಡಿ ಹತ್ರ ಅಜ್ಜಿ ಮಾತಾಡ್ತಾಳೆ. ದೊಡ್ಡಜ್ಜಿ ಹತ್ರ ಯಾರೂ ಮಾತಾಡಲ್ಲ, ಅಲ್ದಾ?"

ಓದುಗ ಮಿತ್ರರೇ, ಮಗು ಹೇಳಿದ್ದು ನಿಜ. ಹೋದ ವರ್ಷ ಲಕ್ವ ಹೊಡೆದು ಅವ್ವನ ಬಲಭಾಗವೂ ಮಾತೂ ಒಟ್ಟಿಗೇ ನಿಂತುಹೋದವು. ನಾವು ಆರೈಕೆಯಲ್ಲಿ ಏನೂ ಕಡಿಮೆ ಮಾಡಿಲ್ಲ. ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತೇವೆ, ಮೈ ಒರೆಸುತ್ತೇವೆ, ಶಾರದೆ ಮಗುವಿಗೆ ಬಾಚುವಷ್ಟೇ ಮೆತ್ತಗೆ ತಲೆ ಬಾಚುತ್ತಾಳೆ. ಮಾತಾಡಿಸುತ್ತಿರಿ, ಕಿವಿ ಕೇಳುತ್ತಿರಬಹುದು ಎಂದು ಡಾಕ್ಟರು ಹೇಳಿದ್ದರು. ಮೊದಮೊದಲು ಮಾತಾಡಿಸಿದೆವು ಕೂಡ. ಮರುಮಾತು ಬರದ ಕಡೆ ಮಾತು ಎಷ್ಟು ದಿನ ತಾನೇ ನಡೆದೀತು? ಮೆಲ್ಲಗೆ ಅದು ಅವ್ವನ ಜೊತೆಗಿನ ಮಾತಾಗಿ ಉಳಿಯದೆ ಅವ್ವನ ಮೇಲಿಂದ ಹಾದುಹೋಗುವ ಮಾತಾಯಿತು. ಆ ತುದಿ ಹಿಡಿ, ಈ ಕಡೆ ತಿರುಗಿಸು, ದಿಂಬು ಸರಿಸು. ಅವಳ ತವರು ಅರಳಸುರಳಿಯಿಂದ ನೋಡಲು ಬಂದವರಿಗೆ ಮಂಚದ ಪಕ್ಕದಲ್ಲೇ ನಿಂತು, ಇನ್ನೇನಿಲ್ಲ, ಹೀಗೇ ಇದ್ದಾಳೆ ಎಂದು ನಾನೇ ಎಷ್ಟು ಸಲ ಹೇಳಿಲ್ಲ. ಗೆರೆ ಎಳೆಯಲು ಸ್ಕೇಲೇ ಬೇಕೆಂದಿಲ್ಲ. ನಾವು ಯಾವತ್ತೋ ಎಳೆದು, ಅವ್ವನನ್ನು ಆಚೆ ಕಡೆ ಬರೆದು ಆಗಿತ್ತು.

ಕುರ್ಚಿ ಎಳೆದುಕೊಂಡು ಅವ್ವನ ಪಕ್ಕ ಕುಳಿತೆ. ಮರುಮಾತಿಲ್ಲದ ಶ್ರೋತೃಗಳು ನನಗೆ ಹೊಸಬರಲ್ಲ. ಮಧ್ಯಾಹ್ನ ಊಟವಾದ ಮೇಲಿನ ತರಗತಿಗಳಲ್ಲಿ ನನ್ನ ವಿದ್ಯಾರ್ಥಿಗಳು ಜೀವಿಯ ಯಾವ ಲಕ್ಷಣವನ್ನೂ ತೋರಿಸದಿದ್ದರೂ ನಾನು ಧೃತಿಗೆಟ್ಟವನಲ್ಲ. ಅವ್ವಾ, ನಾನು ಎಂದು ಶುರು ಮಾಡಿದೆ. ಚಳಿಯ ವಿಷಯ ಹೇಳಿದೆ. ನನ್ನ ಮಂಡಿನೋವಿನ ವಿಷಯ ಹೇಳಿದೆ. ಯಾರ ಮದುವೆಗೆ ಹೋಗಬೇಕು, ಯಾರದ್ದು ತಪ್ಪಿಸಬಹುದು ಎಂದು ಚರ್ಚಿಸಿದೆ. ಅಲ್ಲಿಂದ ಅಭ್ಯಾಸಬಲದಿಂದ ಬ್ಯಾಂಕಿನ ಬಡ್ಡಿದರಕ್ಕೆ ಜಾರಿ, ಅದು ಇಳಿಯಲು ಇರುವ ಕಾರಣಗಳನ್ನು ವಿವರಿಸತೊಡಗಿದೆ. ಅವ್ವ ಸೂರನ್ನೇ ನೋಡುತ್ತಿದ್ದಳು. ನೋಡುತ್ತಿದ್ದವಳು ಮೆಲ್ಲಗೆ ಕಣ್ಣು ಮುಚ್ಚಿದಳು.

ನಿದ್ದೆ ಬಂತೆಂದು ನಾನು ಸುಮ್ಮನಾದೆ. ಅವ್ವ ಕಣ್ಣು ಬಿಟ್ಟಳು.

ಇಲ್ಲಿ ನಮ್ಮ ಮನೆಯ ಒಂದು ಗುಟ್ಟು ಹೇಳಬೇಕು. ನನ್ನ ಅಪ್ಪ ಮಾತುಗಾರ. ಶುರು ಮಾಡಿದರೆ ಅನ್ನ ಆರಿ ತಣ್ಣಗಾದರೂ ನಿಲ್ಲಿಸುತ್ತಿರಲಿಲ್ಲ. ಅವ್ವ ಎಂದೂ ಎದುರಾಡಿದವಳಲ್ಲ. ಗೋಡೆಗೊರಗಿ ಕುಳಿತು ಕಣ್ಣು ಮುಚ್ಚಿಬಿಡುತ್ತಿದ್ದಳು. ಮಾತು ಮುಗಿದದ್ದೇ ಕಣ್ಣು ಬಿಟ್ಟು, ಊಟಕ್ಕೆ ಏಳ್ತೀರಾ ಎಂದು ಕೇಳುತ್ತಿದ್ದಳು. ಅಪ್ಪ ಹೋದ ಮೇಲೆ ಆ ಕಣ್ಣು ಮುಚ್ಚುವ ಗೌರವ ವಂಶಪಾರಂಪರ್ಯವಾಗಿ ನನಗೆ ಬಂದಿತ್ತು.

ಧನ್ಯ ಎಲ್ಲವನ್ನೂ ನೋಡುತ್ತಿದ್ದಳು. ಶಾಲೆಯಲ್ಲಿ ಪ್ರಯೋಗ ಮಾಡಿಸುತ್ತಾರೆಂದು ತೋರುತ್ತದೆ. ಅವಳು ನೋಟ್‌ಬುಕ್ ಕೆಳಗಿಟ್ಟು ಮಂಚದ ಇನ್ನೊಂದು ಬದಿಗೆ ಹೋದಳು.

"ಅಜ್ಜ, ನೀನು ಮತ್ತೆ ಮಾತಾಡು ನೋಡಾಣ."

ಬಡ್ಡಿದರವನ್ನು ಮುಂದುವರಿಸಿದೆ. ಅವ್ವನ ಕಣ್ಣು ಮುಚ್ಚಿತು. ಸಾಕು ಎಂದು ನನಗೆ ಕೈ ತೋರಿಸಿ ಧನ್ಯ ಎರಡರ ಮಗ್ಗಿ ಹೇಳತೊಡಗಿದಳು. ಕಣ್ಣು ತೆರೆಯಿತು, ಅವಳ ಕಡೆ ಹೊರಳಿತು, ಎರಡು ಹತ್ತಲಿ ಇಪ್ಪತ್ತರವರೆಗೂ ಮುಚ್ಚಲಿಲ್ಲ. ಮತ್ತೆ ನಾನು, ಮತ್ತೆ ಮುಚ್ಚಿತು.

ಬಾಗಿಲಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದ ಶಾರದೆ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟ. ಬಟ್ಟಲನ್ನು ಕಿಟಕಿಯಲ್ಲಿಟ್ಟು ಮಂಚದ ಅಂಚಿನಲ್ಲಿ ಕುಳಿತು ಅವ್ವನ ಕೈ ಹಿಡಿದುಕೊಂಡಳು.

"ಅತ್ತೆ, ಇವ್ರ ಕೊರೆತ ನಾನು ಮದ್ವೆ ಆದಾಗಿಂದ ಕೇಳ್ತಾ ಇದ್ದೀನಿ. ನಿಮ್ಗೆ ಒಂದೇ ದಿನಕ್ಕೆ ಸಾಕಾಯ್ತಾ?"

ಅವ್ವನ ತುಟಿಯ ಎಡ ಅಂಚು ಒಂದಿಷ್ಟು ಮೇಲೆದ್ದಿತೆಂದು ಶಾರದೆ ಆಣೆಯಿಟ್ಟು ಹೇಳುತ್ತಾಳೆ. ನನಗೆ ಕಾಣಿಸಲಿಲ್ಲ, ನನ್ನ ಕಣ್ಣು ತುಂಬಿತ್ತು. ಶಾರದೆ ಗಂಜಿ ಕುಡಿಸುತ್ತ, ಒಂದು ವರ್ಷದಿಂದ ಹೇಳದೆ ಉಳಿದಿದ್ದ ಊರಿನ ಸುದ್ದಿಯನ್ನೆಲ್ಲ ಹೇಳತೊಡಗಿದಳು. ಅವ್ವ ಒಂದು ಸಲವೂ ಕಣ್ಣು ಮುಚ್ಚಲಿಲ್ಲ ಎಂಬುದನ್ನು ನಾನು ನೊಂದುಕೊಳ್ಳದೆ ಇಲ್ಲಿ ದಾಖಲಿಸುತ್ತಿದ್ದೇನೆ.

ಧನ್ಯ ನೆಲದ ಮೇಲೆ ಬೋರಲು ಮಲಗಿ, ಜೀವಿಗಳ ಸಾಲಿನಲ್ಲಿ ದೊಡ್ಡಜ್ಜಿ ಎಂದು ಬರೆದಳು. ಮುಂದೆ ಕಾರಣ: ಅಜ್ಜ ಮಾತಾಡಿದರೆ ಕಣ್ಣು ಮುಚ್ಚುತ್ತಾರೆ. ಸೋಮವಾರ ಬೆಳಿಗ್ಗೆ ಅದನ್ನು ಬ್ಯಾಗಿಗೆ ತುಂಬಿಕೊಂಡು ಶಾಲೆಗೆ ಹೋದಳು.

ಅವಳು ಹೋದ ಮೇಲೆ ನಾನು ಪತ್ರಿಕೆ ಹಿಡಿದು ನಡುಕೋಣೆಗೆ ಹೋದೆ. ಕುರ್ಚಿಯನ್ನು ಯಾರೂ ಅಲ್ಲಿಂದ ತೆಗೆದಿರಲಿಲ್ಲ. ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಅವ್ವನಿಗೆ ಸಂಪಾದಕೀಯವನ್ನು ಮೊದಲ ಸಾಲಿನಿಂದ ಓದತೊಡಗಿದೆ. ಮೂರನೆಯ ವಾಕ್ಯಕ್ಕೆ ಅವಳು ಕಣ್ಣು ಮುಚ್ಚಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೊನೆಯವರೆಗೂ ಓದಿದೆ.