ಉಡಿಯಲ್ಲಿ ಬಂದ ಡಬ್ಬಿ

ಹೋದ ವಾರ ನಮ್ಮ ಬೀದಿಯ ಕೊನೆಯ ಮನೆಯ ಹೊಸ ಸೊಸೆ ಬ್ಲೌಸಿನ ಬಟ್ಟೆ ಹಿಡಿದುಕೊಂಡು ಬಂದಳು. ಇನ್ನೊಂದು ಕೈಯಲ್ಲಿ ಗಾಜಿನ ಲೋಟ. "ಅಕ್ಕಾ, ಇದನ್ನ ಒಂದ್ಸಲ ಕುಡ್ದು ನೋಡಿ, ನಿಮ್ಮ ಸೊಂಟನೋವು ಎಲ್ಲಿ ಹೋಯ್ತು ಅಂತ ಹುಡುಕ್ಬೇಕು" ಅಂದಳು. ಲೋಟ ಮೂಗಿನ ಹತ್ತಿರ ಬರುವ ಮೊದಲೇ ನನಗೆ ಗೊತ್ತಾಗಿಹೋಯಿತು. ಏಲಕ್ಕಿ, ಹಾಲಿನ ಪುಡಿ, ಅದರಡಿಯಲ್ಲಿ ಆಸ್ಪತ್ರೆಯ ಸಿರಪ್ಪಿನಂಥ ಒಂದು ವಾಸನೆ... ಕಂಪನಿ ಬೇರೆ ಇರಬಹುದು, ಡಬ್ಬಿಯ ಬಣ್ಣವೂ ಬೇರೆ ಇರಬಹುದು. ವಾಸನೆ ಮಾತ್ರ ಅದೇ. ಲೋಟ ಇಸಿದುಕೊಂಡು ಮೇಜಿನ ಮೇಲಿಟ್ಟೆ.

ಆ ವಾಸನೆಯ ಜೊತೆ ನನಗೆ ನೆನಪಾಗುವವರು ನನ್ನ ಹೊಲಿಗೆ ಅಕ್ಕ. ಶಿಕಾರಿಪುರದಲ್ಲಿ ನನಗೆ ಹೊಲಿಗೆ ಕಲಿಸಿದವರು. ಇಷ್ಟು ವರ್ಷದ ಸಿಟ್ಟಿನಲ್ಲೂ ಅವರನ್ನು 'ಅವಳು' ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೂ ನನಗೆ ಸಿಟ್ಟಿದೆ.

ಮದುವೆಗೆ ಮೊದಲು ನಾನು ಅಂಬ್ಲಿಗೊಳದ ಕಡೆಯ ನಮ್ಮೂರಿನಿಂದ ದಿನಾ ಬಸ್ಸು ಹತ್ತಿ ಅವರಲ್ಲಿಗೆ ಹೋಗುತ್ತಿದ್ದೆ. ಬಸ್‌ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದೇ ಕೋಣೆ. ನಡುವೆ ದೊಡ್ಡ ಕಟಿಂಗ್ ಮೇಜು, ಗೋಡೆಗೆ ತಾಗಿಸಿಟ್ಟ ಹೊಲಿಗೆ ಮಷಿನ್ನುಗಳು. ಅಕ್ಕ ಬಳ್ಳಿಗಾವಿಯ ಕಡೆಯವರು, ಒಬ್ಬರೇ ಇದ್ದರು. ಗಂಡನ ಸುದ್ದಿ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಯಿ ಜೋರು, ಆದರೆ ನಾವು ಬಟ್ಟೆ ಹಾಳು ಮಾಡಿದಾಗ ಮಾತ್ರ ಬಯ್ಯುತ್ತಿರಲಿಲ್ಲ. "ತಪ್ಪಾತಾ? ಬಿಚ್ಚು. ಮತ್ತೆ ಹೊಲಿ. ಅಳೂದು ಯಾಕ?" ಅನ್ನುತ್ತಿದ್ದರು. ಕುರಿ ಕಾಯುವ ಮನೆಯ ಹುಡುಗಿ ನಾನು, ಕೈ ಒರಟು. ಆ ಕೈಗೆ ನಯ ಕಲಿಸಿದ್ದು ಅವರು.

ಅವರ ಒಂದು ನಿಯಮ ಮಾತ್ರ ಮೀರುವಂತಿರಲಿಲ್ಲ. ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ ಆಮೇಲೆಯೇ ಕತ್ತರಿ ಹಾಕಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ, ಮೇಲಿನ ಬಟ್ಟೆ ಸುಕ್ಕುಗಟ್ಟಿ, ತೊಟ್ಟವಳಿಗೆ ಕೈ ಎತ್ತಲೂ ಆಗುವುದಿಲ್ಲ. ಒಮ್ಮೆ ನಾನು "ಕುಗ್ಗಲ್ಲ ಅಂತ ಅಂಗಡಿಯವ್ರೇ ಹೇಳಿದ್ರು ಅಕ್ಕಾ" ಅಂದೆ. ಅಕ್ಕ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಅಂಗಡಿಯಾವ ಮಾರಾಕ ಕುಂತಾನ. ಅವ ಮತ್ತೇನು ಹೇಳ್ತಾನ? ನೀರಿಗೆ ಹಾಕಿ ನೋಡು. ನೀರು ಸುಳ್ಳು ಹೇಳಲ್ಲ." ನಾವು ಹುಡುಗಿಯರು ಮುಸಿಮುಸಿ ನಕ್ಕೆವು. ಯಾರಾದರೂ ಬಡಾಯಿ ಕೊಚ್ಚಿದರೆ "ಇವಳನ್ನ ನೀರಿಗೆ ಹಾಕ್ರೇ" ಅಂತ ನಮ್ಮಲ್ಲೊಂದು ತಮಾಷೆಯೇ ಆಗಿಹೋಗಿತ್ತು.

ನನಗೆ ಸೊರಬದ ಕಡೆ, ಕುಪ್ಪಗಡ್ಡೆಗೆ ಮದುವೆಯಾಯಿತು. ಅತ್ತೆ ಮನೆಯವರು ನಮಗಿಂತ ಅನುಕೂಲಸ್ಥರು. ಅತ್ತೆ ಕೆಟ್ಟವರಲ್ಲ, ಆದರೆ ಬೀಗರ ಮನೆ ಕುರಿಯವರದು ಅನ್ನುವುದನ್ನು ಮರೆತವರೂ ಅಲ್ಲ. ಹಾಗಾಗಿ ತವರಿನಿಂದ ಏನೇ ಬಂದರೂ, ಒಂದು ಡಬ್ಬ ಚಟ್ನಿಪುಡಿ ಬಂದರೂ, ಅದು ಚೆನ್ನಾಗಿರಲಿ ದೇವರೇ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಗಂಡನ ಮನೆಯಲ್ಲಿ ಹೆಣ್ಣುಮಗಳು ಎಷ್ಟು ತಲೆಯೆತ್ತಿ ನಡೆಯಬಹುದು ಅನ್ನುವುದನ್ನು ತವರಿನ ಹೆಸರು ತೀರ್ಮಾನಿಸುತ್ತದೆ. ಇದು ಸರಿಯೋ ತಪ್ಪೋ, ನಮ್ಮಲ್ಲಿ ಇರುವುದು ಹಾಗೆ.

ನನಗೆ ಏಳನೇ ತಿಂಗಳು ತುಂಬುವಾಗ ಕುಬುಸದ ಮಾತು ಬಂತು. ಸೊರಬದ ಕಡೆಯವರು ಸೀಮಂತ ಅನ್ನುತ್ತಾರೆ, ನಮ್ಮ ಕಡೆ ಕುಬುಸ. ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊಸ ಕುಬುಸ ತಂದು ಬಸುರಿಯ ಉಡಿ ತುಂಬುತ್ತಾರೆ. ಕುಬುಸ ಹೊಲಿಯುವುದು ಬೇರೆ ಯಾರು? ಅಳತೆ ಕೊಡಲೆಂದು ಅವ್ವನ ಜೊತೆ ಅಕ್ಕನ ಕೋಣೆಗೆ ಹೋದೆ. ಅಲ್ಲಿ ಮಷಿನ್ನಿನ ಸದ್ದೇ ಇಲ್ಲ. ಕಲಿಯಲು ಬಂದ ಹುಡುಗಿಯರು ಮೇಜಿನ ಸುತ್ತ ನಿಂತಿದ್ದರು. ಅಕ್ಕ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ಮೇಜಿನ ಮೇಲೆ ಸೊನ್ನೆ ಬರೆಯುತ್ತಿದ್ದರು. ಒಂದು ಸೊನ್ನೆ, ಅದರ ಕೆಳಗೆ ಎರಡು, ಅದರ ಕೆಳಗೆ ನಾಲ್ಕು... ಎದೆಯ ಮೇಲೆ ರಿಬ್ಬನ್ನಿನ ಬ್ಯಾಡ್ಜು. ಶಿವಮೊಗ್ಗದಿಂದ ಕಾರಿನಲ್ಲಿ ಬಂದ ಯಾರೋ ಕಲ್ಯಾಣ ಮಂಟಪದಲ್ಲಿ ಮೀಟಿಂಗ್ ಮಾಡಿ ಅದನ್ನು ಚುಚ್ಚಿ ಹೋಗಿದ್ದರಂತೆ.

"ಮೇಲಿನದು ನಾನು. ಕೆಳಗಿನೋರು ಜನ ಸೇರಿಸ್ತಾ ಹೋದ್ರೆ ನಾನು ಕುಂತಲ್ಲೇ ಮೇಲಕ್ಕ ಹೋಗ್ತೀನಿ" ಅಂದರು ಅಕ್ಕ. ಗೂಡಿನಲ್ಲಿ ಹಸಿರು ಮುಚ್ಚಳದ ಡಬ್ಬಿಗಳ ಸಾಲು. ಶಕ್ತಿಯ ಪುಡಿಯಂತೆ, ಎಲ್ಲ ಕಾಯಿಲೆಗೂ ಆಗುತ್ತದಂತೆ. ಅವರ ಕಣ್ಣು ಆಗಲೇ ಮಂಜಾಗತೊಡಗಿತ್ತು, ಸೂಜಿಗೆ ದಾರ ಪೋಣಿಸಲು ಹುಡುಗಿಯರನ್ನು ಕರೆಯುತ್ತಿದ್ದರು. ಹೊಲಿಗೆ ಇನ್ನೆಷ್ಟು ದಿನ ಎಂಬ ಹೆದರಿಕೆ ಅವರಿಗಿತ್ತು, ಅದು ನನಗೆ ಅರ್ಥವಾಗುತ್ತದೆ. ಅಷ್ಟು ಮಾತ್ರ ಅರ್ಥವಾಗುತ್ತದೆ.

ನಾನು ಮೇಜನ್ನೇ ನೋಡುತ್ತಿದ್ದೆ. ಇನ್ನೊಂದೆರಡು ಸಾಲಿಗೆ ಸೊನ್ನೆಗಳು ಮೇಜಿನ ಅಂಚಿಗೆ ಬಂದು, ಮುಂದೆ ಬರೆಯಲು ಜಾಗವಿರಲಿಲ್ಲ. "ಇಲ್ಲಿಗೆ ಮೇಜೇ ಮುಗೀತಲ್ಲ ಅಕ್ಕಾ. ಶಿಕಾರಿಪುರದಾಗ ಅಷ್ಟು ಜನ ಎಲ್ಲಿದಾರೆ?" ಅಂದೆ. ಬ್ಲೌಸ್ ಹೊಲಿದರೆ ತೊಡುವವಳು ದುಡ್ಡು ಕೊಡುತ್ತಾಳೆ. ಇಲ್ಲಿ ಪುಡಿ ಕುಡಿಯಬೇಕು ಅಂತ ಕೊಳ್ಳುವವರು ಯಾರೂ ಕಾಣುತ್ತಿರಲಿಲ್ಲ, ಮುಂದಿನವರಿಗೆ ದಾಟಿಸಲಿಕ್ಕೇ ಎಲ್ಲರೂ ಕೊಳ್ಳುತ್ತಿದ್ದರು. ಕೊನೆಯ ಸಾಲಿನವರು ಯಾರಿಗೆ ದಾಟಿಸಬೇಕು?

ಅಕ್ಕ ಜೋರಾಗಿ ನಕ್ಕು ನನ್ನ ಕೆನ್ನೆ ಹಿಂಡಿದರು. "ಸೊರಬ ಐತಲ್ಲೇ, ಹುಚ್ಚೀ!"

ನಾನೂ ನಕ್ಕೆ. ಅವ್ವನೂ ನಕ್ಕಳು.

ಕುಬುಸದ ದಿನ ಅವ್ವ ಹೋಳಿಗೆ, ಕರ್ಜಿಕಾಯಿಯ ಬುಟ್ಟಿಗಳನ್ನು ಹೊರಿಸಿಕೊಂಡು ಕುಪ್ಪಗಡ್ಡೆಗೆ ಬಂದಳು. ಜೊತೆಯಲ್ಲಿ ಅಕ್ಕ. ಅವರು ಬಂದದ್ದು ನೋಡಿ ನನಗೆ ಕಣ್ಣು ತುಂಬಿತು. ಅವರು ಹೊಲಿದ ಹಸಿರು ಕುಬುಸ ಅಂಥಾ ಚೆಂದ ಕೂತಿತ್ತು, ಅತ್ತೆಯೇ ಮುಟ್ಟಿ ಮುಟ್ಟಿ ನೋಡಿದರು. ಜಗಲಿಯ ತುಂಬ ಬೀದಿಯ ಹೆಂಗಸರು. ನನ್ನನ್ನು ಮಣೆಯ ಮೇಲೆ ಕೂರಿಸಿ, ಸೆರಗು ಹರವಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಅರಿಶಿನದ ಕೊಂಬು, ಎಲೆ ಅಡಿಕೆ ಒಂದೊಂದಾಗಿ ಹಾಕಿದರು. ಅಕ್ಕನ ಸರದಿ ಬಂತು. ಅಕ್ಕಿಯ ಜೊತೆ ಅವರು ನನ್ನ ಉಡಿಗೆ ಹಸಿರು ಮುಚ್ಚಳದ ಒಂದು ಡಬ್ಬಿ ಇಟ್ಟರು.

ಉಡಿಗೆ ಬಿದ್ದದ್ದನ್ನು ತೆಗೆದು ಬದಿಗಿಡುವಂತಿಲ್ಲ. ಬೇಡ ಅನ್ನುವಂತಿಲ್ಲ. ಹೊಟ್ಟೆಯಲ್ಲಿರುವ ಕೂಸಿಗೆ ಬಂದದ್ದು ಅದು. ನಾನು ಸೆರಗು ಬಿಗಿಹಿಡಿದೆ. ಅಕ್ಕ ಜಗಲಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ತವರುಮನಿ ಕಡೆಯಿಂದ ರೀ ಇದು. ತಾಯಿಗೂ ಶಕ್ತಿ, ಕೂಸಿಗೂ ಶಕ್ತಿ."

ಅಷ್ಟೇ ಸಾಕಾಯಿತು. ಅಂಗಡಿಯಲ್ಲಿ ಕೊಂಡಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದ ಹೆಂಗಸರು, ಉಡಿಯಲ್ಲಿ ಬಂದದ್ದಕ್ಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವ್ವ ಬುಟ್ಟಿ ತಗೊಂಡು ವಾಪಸ್ಸು ಹೋದರೂ ಅಕ್ಕ ಉಳಿದರು. ಅತ್ತೆಯೇ ಉಳಿಸಿಕೊಂಡರು. ಮಾರನೆಯ ದಿನ ಜಗಲಿಯ ಕೆಂಪು ನೆಲದ ಮೇಲೆ ಚಾಕ್‌ಪೀಸಿನ ಸೊನ್ನೆಗಳು ಮೂಡಿದವು. ಅಡುಗೆಮನೆ ಬಾಗಿಲಿನಿಂದ ನಾನು ನೋಡುತ್ತಿದ್ದೆ. ಹಾಲು ಮಾರಿ ಕೂಡಿಟ್ಟ ದುಡ್ಡನ್ನು ಅತ್ತೆ ತಂದುಕೊಟ್ಟರು. ಪಕ್ಕದ ಮನೆಯವರು, ಎದುರು ಮನೆಯವರು, ಅತ್ತೆಯ ತಂಗಿ... "ಅತ್ತೆ, ಸ್ವಲ್ಪ ವಿಚಾರ ಮಾಡಿ" ಅಂತ ನಾನು ಮೆಲ್ಲಗೆ ಅಂದದ್ದಕ್ಕೆ ಅತ್ತೆ, "ನಿನ್ನ ತವರಿನೋರ ಮೇಲೆ ನಿಂಗೇ ನಂಬಿಕೆ ಇಲ್ವೇನೇ ಮಾರಾಯ್ತಿ?" ಎಂದು ನಕ್ಕರು. ಅಕ್ಕ ಅಲ್ಲೇ ಇದ್ದರು. ತಲೆ ಎತ್ತಲಿಲ್ಲ, ಸೊನ್ನೆಯೊಳಗೆ ಹೆಸರು ಬರೆಯುತ್ತಿದ್ದರು. ಮೇಲಿನ ಸೊನ್ನೆಯಲ್ಲಿ ನನ್ನ ಹೆಸರಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ.

ನಾನು ಬಾಣಂತನಕ್ಕೆ ತವರಿಗೆ ಬಂದೆ. ಮಗಳು ಹುಟ್ಟಿದಳು. ಅಷ್ಟರಲ್ಲಿ ಕುಪ್ಪಗಡ್ಡೆಗೆ ಡಬ್ಬಿಗಳು ಬಂದು ಇಳಿದಿದ್ದವು. ಎಲ್ಲರ ಮನೆಯಲ್ಲೂ ಅದೇ ಡಬ್ಬಿ, ಯಾರು ಯಾರಿಗೆ ಮಾರಬೇಕು? ಅತ್ತೆಯ ತಂಗಿ ಪುಡಿಯನ್ನು ಎಮ್ಮೆಯ ಕಲಗಚ್ಚಿಗೆ ಹಾಕಿದರಂತೆ, ಎಮ್ಮೆ ಮೂಸಿ ಮುಖ ತಿರುಗಿಸಿತಂತೆ. ಈಗ ಹೇಳುವಾಗ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ. ಮಗಳ ತೊಟ್ಟಿಲಿಗೆ ಅತ್ತೆ ಮನೆಯಿಂದ ಒಬ್ಬರೂ ಬರಲಿಲ್ಲ. ಗಂಡ ಮಾತ್ರ ಒಬ್ಬರೇ ಬಂದು, ತಲೆ ತಗ್ಗಿಸಿ ಕೂತು, ಊಟ ಮಾಡಿ ಹೋದರು. "ನಿನ್ನ ತವರಿನೋರು ಉಡಿಗೆ ಹಾಕಿ ಮೋಸ ಮಾಡಿದ್ರು ಅಂತ ನಮ್ಮವ್ವ ಕೂಗಾಡ್ತಾಳೆ. ಸದ್ಯ ನೀನು ಇಲ್ಲೇ ಇರು" ಎಂದರು. ನನ್ನ ಸಂಸಾರ ಒಂದು ಡಬ್ಬಿಯ ಮುಚ್ಚಳದ ಕೆಳಗೆ ಸಿಕ್ಕಿಕೊಂಡಿತ್ತು.

ಅವ್ವ ಅಕ್ಕನ ಕೋಣೆಗೆ ಹೋದಳು. ಆ ಹೆಂಗಸರ ದುಡ್ಡನ್ನು ಹೇಗಾದರೂ ತಿರುಗಿಸಿ ಕೊಡಿ ಅಂತ ಕೈಮುಗಿದಳು. ಕಂಪನಿಗೆ ಹೋದದ್ದು ಬರುವುದಿಲ್ಲ ಅಂದರಂತೆ ಅಕ್ಕ. ಅಲ್ಲಿಗೆ ಮುಗಿದಿದ್ದರೆ ನಾನು ಇವತ್ತು ಇಷ್ಟು ಬರೆಯುತ್ತಿರಲಿಲ್ಲ. ಅವ್ವ ಹೊರಡಲು ಎದ್ದಾಗ ಅವರು ಹಿಂದಿನಿಂದ ಕರೆದು, ಕುಬುಸದ ದಿನದ ಆ ಡಬ್ಬಿಯ ದುಡ್ಡು ಇನ್ನೂ ಬಂದಿಲ್ಲ ಅಂದರಂತೆ.

ಮನೆಗೆ ಬಂದ ಅವ್ವ ಹೊಸ್ತಿಲ ಮೇಲೆಯೇ ಕೂತಳು. "ಉಡಿಗೆ ಹಾಕಿದ್ದಕ್ಕ ಯಾರರ ರೊಕ್ಕ ಕೇಳ್ತಾರೇನು?" ಎಂದು ನನ್ನನ್ನು ಕೇಳಿದಳು. ಮತ್ತೊಮ್ಮೆ ಕೇಳಿದಳು. ನಿಜಕ್ಕೂ ಗೊತ್ತಿಲ್ಲದೆ ಕೇಳುವವಳ ದನಿ ಅದು.

ಮುಂದಿನ ಸಂತೆಗೆ ಅವ್ವ ಕುರಿಗಳನ್ನು ಹೊಡೆದುಕೊಂಡು ಹೋದಳು. ಗಬ್ಬದ ಕುರಿಗಳನ್ನೂ ಬಿಡಲಿಲ್ಲ. ಅಲ್ಲಿಂದ ನೇರ ಕುಪ್ಪಗಡ್ಡೆಗೆ ಹೋಗಿ, ಆ ಜಗಲಿಯಲ್ಲಿ ಕೂತಿದ್ದ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಅವರವರ ದುಡ್ಡು ಕೊಟ್ಟು ಬಂದಳು. ಅತ್ತೆ ಮೊದಲು ಕೈ ಚಾಚಲಿಲ್ಲವಂತೆ. "ತಗಳ್ರಿ ಬೀಗತಿ. ನನ್ನ ಮಗಳ ಉಡಿಯಿಂದ ಯಾರಿಗೂ ನಷ್ಟ ಆಗಬಾರದು" ಅಂದಳಂತೆ ಅವ್ವ. ಎಂಟು ದಿನಕ್ಕೆ ಅತ್ತೆಯೇ ಬಂದು ನನ್ನನ್ನೂ ಕೂಸನ್ನೂ ಕರೆದುಕೊಂಡು ಹೋದರು. ನಮ್ಮ ಕುರಿಹಟ್ಟಿ ಮಾತ್ರ ಮತ್ತೆ ತುಂಬಲಿಲ್ಲ. ನಸುಕಿನಲ್ಲಿ ಎದ್ದು ಖಾಲಿ ಹಟ್ಟಿಯ ಬಾಗಿಲು ತೆಗೆಯುವ ಅಭ್ಯಾಸ ಅವ್ವನಿಗೆ ಬಹಳ ಕಾಲ ಹೋಗಲಿಲ್ಲ.

ಅಕ್ಕನನ್ನು ಆಮೇಲೆ ಒಮ್ಮೆ ನೋಡಿದೆ, ಶಿಕಾರಿಪುರದ ಬಸ್‌ ಸ್ಟ್ಯಾಂಡಿನಲ್ಲಿ. ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಅಕ್ಕ ಕಂಗೆಟ್ಟಿದ್ದರು, ಮಷಿನ್ನುಗಳನ್ನೂ ಮಾರಿಬಿಟ್ಟಿದ್ದರಂತೆ. ನಾನೇ ಹತ್ತಿರ ಹೋದೆ. ಒಂದು ಮಾತು ಸಾಕಿತ್ತು ನನಗೆ. ತಪ್ಪಾಯಿತು ಕಣೇ ಅಂದಿದ್ದರೆ ಅಲ್ಲೇ ಅವರ ಕೈ ಹಿಡಿದು ಅತ್ತುಬಿಡುತ್ತಿದ್ದೆ. ಅವರು ನನ್ನನ್ನು ಗುರುತು ಹಿಡಿದು ಹೇಳಿದ್ದು ಬೇರೆ: "ನೀನು ನಂಬಿಕಿಯಿಟ್ಟು ಮಾಡ್ಲಿಲ್ಲ ನೋಡು. ನೀನು ಮಾಡಿದ್ರೆ ಆಗ್ತಿತ್ತು."

ಹಾಳಾದ ಬಟ್ಟೆಗೆ ಎಂದೂ ಹುಡುಗಿಯನ್ನು ಬಯ್ಯದಿದ್ದವರು... ನನ್ನನ್ನು ದೂರಿದರು. ಆ ಮಾತು ಅವರದಲ್ಲ, ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ತಟ್ಟಿಸಿ ಕಲಿಸಿದ ಮಾತು. ಸೋತವರನ್ನೇ ತಪ್ಪಿತಸ್ಥರನ್ನಾಗಿ ಮಾಡಿದರೆ ಡಬ್ಬಿ ಕೊಟ್ಟವನನ್ನು ಯಾರೂ ಕೇಳುವುದಿಲ್ಲವಲ್ಲ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಕ್ಷಮಿಸಲು ಆಗಿಲ್ಲ. ಅಂಗಡಿಯವನನ್ನು ನಂಬಬೇಡ ಅಂತ ಕಲಿಸಿದವರು, ತಾವೇ ಅಂಗಡಿ ಹೊತ್ತು ನನ್ನ ಉಡಿಗೆ ಬಂದಿದ್ದರು.

ಹೋದ ತಿಂಗಳು ಶಿಕಾರಿಪುರದ ದಾರದ ಅಂಗಡಿಯಲ್ಲಿ ಗುಂಡಿ, ಹುಕ್ಕು ಕೊಳ್ಳುವಾಗ ಅಂಗಡಿಯವರು ಹೇಳಿದರು, ಅಕ್ಕ ತೀರಿಕೊಂಡರಂತೆ, ದಾವಣಗೆರೆಯಲ್ಲಿ ತಮ್ಮನ ಮನೆಯಲ್ಲಿ. ನನಗೆ ಯಾರೂ ತಿಳಿಸಿರಲಿಲ್ಲ. ಹುಕ್ಕಿನ ಪೊಟ್ಟಣ ಹಿಡಿದುಕೊಂಡು ಬಸ್ಸಿನಲ್ಲಿ ಕೂತೆ. ಇನ್ನು ಆ ಒಂದು ಮಾತು ಬರುವುದಿಲ್ಲ ಅನ್ನುವುದು ಸೊರಬ ಹತ್ತಿರವಾದಾಗ ಗೊತ್ತಾಗಿ, ಅಳು ಬಂತು.

ಹೋದ ವಾರ ಲೋಟ ತಂದ ಆ ಹುಡುಗಿ ಫೋನಿನಲ್ಲಿ ಚಿತ್ರ ತೋರಿಸಿದಳು. ಅದೇ ಸೊನ್ನೆಗಳು, ಈಗ ಬಣ್ಣ ಬಂದಿದೆ. ನಾನು ಚಾಕ್‌ಪೀಸನ್ನು ಅವಳ ಕೈಗೇ ಕೊಟ್ಟೆ. "ನನ್ನ ಮೇಜಿನ ಮೇಲೆ ನೀನೇ ಬರಿ. ಪ್ರತಿ ಸೊನ್ನೆಗೂ ನಿಂಗೆ ಗೊತ್ತಿರೋರ ಹೆಸರು ಹೇಳ್ತಾ ಬರಿ." ಮೂರನೇ ಸಾಲಿನಲ್ಲಿ ಅವಳ ಕೈ ನಿಂತಿತು. "ಇನ್ನು ತವರಿನ ಕಡೆಯೋರೇ ಉಳಿದಿರೋದು" ಅಂದಳು.

"ಅವ್ರಿಗೆ ಹೇಳಿದ್ಯಾ?"

"ಇನ್ನೂ ಇಲ್ಲ."

"ಹೇಳ್ಬೇಡ."

ಅವಳು ಬರೆದ ಸೊನ್ನೆಗಳನ್ನು ಅಂಗೈಯಲ್ಲಿ ಒರೆಸತೊಡಗಿದಳು. ಒರೆಸುತ್ತಲೇ ಕೇಳಿದಳು, "ನಿಮ್ಗೆ ಇದೆಲ್ಲ ಯಾರು ಕಲಿಸಿದ್ದು ಅಕ್ಕಾ?"

"ಹೊಲಿಗೆ ಕಲಿಸಿದೋರೇ" ಅಂದೆ. "ಈಗ ಅವ್ರು ಇಲ್ಲ."

ಅವಳು ಲೋಟದಲ್ಲಿದ್ದದ್ದನ್ನು ಬಚ್ಚಲಿಗೆ ಚೆಲ್ಲಿ, ತೊಳೆದುಕೊಂಡು ಹೋದಳು. ಅವಳು ತಂದ ಲೈನಿಂಗ್ ಬಟ್ಟೆಯ ಮೇಲೆ 'ಕುಗ್ಗುವುದಿಲ್ಲ' ಅಂತ ಚೀಟಿ ಅಂಟಿಸಿತ್ತು. ಬಕೆಟ್ಟಿಗೆ ನೀರು ಹಿಡಿದು ಅದನ್ನು ನೆನೆಹಾಕಿದೆ. ಸಂಜೆ ಹಿಂಡಿ ಒಣಗಿಸಿ, ಮಾರನೆಯ ದಿನ ಮೇಜಿನ ಮೇಲೆ ಹರವಿ ಅಳತೆ ನೋಡಿದೆ. ಎರಡು ಬೆರಳು ಕುಗ್ಗಿತ್ತು.